ಏರುತ್ತಿದ್ದ ಆಯಿಲ್

ರೀ,

ಕಾರು ಕಳುವಾಗಿಲ್ಲ, ನಾನೇ ತಗೊಂಡು ಹೋಗಿದ್ದೀನಿ. ಆಫೀಸಿಗೆ ಬಸ್ಸಲ್ಲಿ ಹೋಗಿ.

"ನಮ್ಮ ಹೈಬ್ರಿಡ್‌ನಲ್ಲಿ ಇಂಜಿನ್ ಆಯಿಲ್ ಇಳಿಯೋದೇ ಇಲ್ಲ, ಏರುತ್ತೆ" ಅಂತ ಪಕ್ಕದ ಮನೆಯವರ ಮುಂದೆ ಮೀಸೆ ತಿರುವಿದ್ರಲ್ಲ? ಅದೇನು ಅಕ್ಷಯಪಾತ್ರೆ ಅಲ್ಲ, ಪೆಟ್ರೋಲು! ನಿನ್ನೆ ಮೆಕ್ಯಾನಿಕ್ ಆಯಿಲ್ ಮಟ್ಟ ನೋಡೋ ಕಡ್ಡಿನ ನನ್ನ ಮೂಗಿಗೇ ಹಿಡಿದ. ಬಂಕಿನ ವಾಸನೆ, ನೀರಿನಂಥ ಆಯಿಲ್. ಮೂಲೆ ಅಂಗಡಿಗೂ ಕಾರಲ್ಲಿ ಹೋಗಿ, ಇಂಜಿನ್ ಎದ್ದು ಬೆಚ್ಚಗಾಗೋ ಮೊದಲೇ ಮಲಗಿಸಿದ್ರೆ ಉರಿಯದ ಪೆಟ್ರೋಲು ಆಯಿಲ್‌ಗೆ ಸೇರದೆ ಇನ್ನೆಲ್ಲಿಗೆ ಹೋಗಬೇಕು? ಹೀಗೇ ಬಿಟ್ಟಿದ್ರೆ ಇಂಜಿನ್ನೇ ಸವೆದು ಕೂರ್ತಿತ್ತಂತೆ.

ಆಯಿಲ್ ಬದಲಾಯಿಸಿದ್ದಾಯ್ತು. ಇನ್ಮೇಲೆ ವಾರಕ್ಕೊಂದು ಸಲ ಇಂಜಿನ್ ಚೆನ್ನಾಗಿ ಕಾಯೋವರೆಗೂ ದೂರ ಓಡಿಸಬೇಕಂತೆ. "ನಿಮ್ಮಮ್ಮನ ಮನೆ ದೂರ, ಮೈಲೇಜ್ ಬೀಳುತ್ತೆ" ಅಂತ ವರ್ಷವಿಡೀ ರಾಗ ಎಳೆದ್ರಲ್ಲ, ಮೆಕ್ಯಾನಿಕ್ ಹೇಳಿದ್ದು ಸರಿಯಾಗಿ ಅಷ್ಟೇ ದೂರ.

ತಿಂಡಿ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ. ನೀವು ಆ ಕಡ್ಡಿ ಒರೆಸಿದ ನನ್ನ ಹೊಸ ಟವೆಲ್ ಬಕೆಟ್‌ನಲ್ಲಿ ನೆನೀತಿದೆ, ಒಗೆಯೋದು ನೀವೇ.

ಸಂಜೆ ಅಮ್ಮನ್ನ ಕರ್ಕೊಂಡೇ ಬರ್ತೀನಿ. ಮುಂದಿನ ವಾರ ವಾಪಸ್ ಬಿಡೋದು ನೀವು, ಇಂಜಿನ್ ಕಾಯಬೇಕಲ್ಲ. ದಾರಿಯುದ್ದಕ್ಕೂ ಆಯಿಲ್ ಏರಿದ ಕಥೆ ಅವರಿಗೂ ಹೇಳಿ. ಅಷ್ಟೊತ್ತಿಗೆ ನಾನು ಹೇಳಿಬಿಟ್ಟಿರ್ತೀನಿ, ಆದ್ರೂ ಹೇಳಿ.