ಮೊದಲು ಆಘಾತ

ಮಾರ್ಚ್ 12, ಭಾನುವಾರ ಮಧ್ಯಾಹ್ನ

ಪ್ರೀತಿಯ ಚೂಟಿಗೆ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೈಯುವುದಿದ್ದರೆ ಈಗಲೇ ಬೈದುಬಿಡು, ಆಮೇಲೆ ನೆಮ್ಮದಿಯಾಗಿ ಓದು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ‘ನಾವು ಕ್ಷೇಮ’ ಎಂದಷ್ಟೇ ಬರೆದು ಪೆನ್ನು ಮುಚ್ಚಿಟ್ಟೆ. ಕ್ಷೇಮವಾಗಿಯೇ ಇದ್ದೇವೆ. ನಮ್ಮವರು ಅಂಚೆ ಕಚೇರಿಗೆ ರಜೆ ಬಂದಾಗಲೆಲ್ಲ ಗೋಡೆ ಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತಾರೆ, ಈಗ ಮನೆಯಲ್ಲಿ ಮೂರು ಗಡಿಯಾರಕ್ಕೆ ಮೂರು ಹೊತ್ತು. ನನ್ನ ಮಂಡಿ ಮೆಟ್ಟಿಲು ಕಂಡಾಗ ಮಾತ್ರ ತಕರಾರು ತೆಗೆಯುತ್ತದೆ. ನಿನ್ನ ಅತ್ತೆಯವರ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಓದಿ ಸಮಾಧಾನವಾಯಿತು.

ಈಗ ಸುದ್ದಿ ಹೇಳುತ್ತೇನೆ, ಗಟ್ಟಿಯಾಗಿ ಕೂತುಕೋ. ಡಸ್ಟರ್ ಮೇಷ್ಟ್ರು ನಮ್ಮ ಸ್ಕೂಲಿಗೆ ಬಂದಿದ್ದಾರೆ.

ಹೌದು, ನಮಗೆ ಏಳನೇ ಕ್ಲಾಸಿನಲ್ಲಿ ಗಣಿತ ಹೇಳಿದವರೇ. ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ, ಆದರೂ ಫಲಿತಾಂಶ ಸುಧಾರಿಸಲಿ ಎಂದು ನಮ್ಮ ಆಡಳಿತ ಮಂಡಳಿಯವರು ಅವರನ್ನು ಸಲಹೆಗಾರರನ್ನಾಗಿ ಕರೆತಂದಿದ್ದಾರೆ. ಪ್ರಶ್ನೆಪತ್ರಿಕೆ ಅವರದೇ, ಮಾದರಿ ಉತ್ತರವೂ ಅವರದೇ. ಮೊದಲ ಮೀಟಿಂಗಿನಲ್ಲಿ ಮೇಜಿಗೆ ಡಸ್ಟರನ್ನು ಎರಡು ಸಲ ಕುಟ್ಟಿ ‘ಗಮನ ಇಲ್ಲಿರಲಿ’ ಎಂದರು ನೋಡು, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಕೂದಲು ಪೂರ್ತಿ ಹೋಗಿದೆ, ದನಿ ಹಾಗೇ ಇದೆ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ, ಆಗ ಕಡ್ಡಿಯಂತಿದ್ದವಳು ಈಗ ಕನ್ನಡಕ ಹಾಕಿಕೊಂಡು ಇಡೀ ಕುರ್ಚಿ ತುಂಬುತ್ತೇನೆ.

ಆ ದಿನ ನಿನಗೆ ನೆನಪಿದೆಯಲ್ಲ. ಬೋರ್ಡಿನ ಮೇಲೆ −3² + 10 ಎಂದು ಬರೆದು ನನ್ನನ್ನು ಕರೆದರು. ನಾನು 1 ಎಂದು ಬರೆದೆ. ‘ಮೈನಸ್ಸು ಮೈನಸ್ಸು ಗುಣಿಸಿದ್ರೆ ಏನೇ?’ ಎಂದು ಕೇಳಿದರು. ‘ಪ್ಲಸ್ಸು ಸಾರ್, ಆದ್ರೆ ಆ ಎರಡು ಕೂತಿರೋದು ಬರೀ ಮೂರರ ತಲೆ ಮೇಲೆ, ಮೈನಸ್ಸು ಹೊರಗಿದೆ’ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಡೀ ಕ್ಲಾಸಿನ ಕೈಯಲ್ಲಿ ‘ಹತ್ತೊಂಬತ್ತು’ ಎಂದು ಮೂರು ಸಲ ಹೇಳಿಸಿದರು. ‘ಇವಳಿಗೆ ಮೈನಸ್ ಅಂತ ಹೆಸರಿಡಿ’ ಎಂದರು, ಇಟ್ಟಿರಿ. ಇಂದಿಗೂ ನೀನು ಕಾಗದದಲ್ಲಿ ಹಾಗೆಯೇ ಕರೆಯುತ್ತೀಯ, ಅದು ಪ್ರೀತಿಯಿಂದ, ಅದಕ್ಕೆ ನನಗೆ ಬೇಸರವಿಲ್ಲ. ಅಂದು ನಕ್ಕು ಬಿಟ್ಟವರು ಮರುದಿನ ಬೆಳಿಗ್ಗೆ ಯಾಕೆ ಅಷ್ಟು ಉರಿದುಬಿದ್ದರೋ ನನಗೆ ತಿಳಿಯಲಿಲ್ಲ. ಅಂತರಶಾಲಾ ಗಣಿತ ಸ್ಪರ್ಧೆಯ ತಂಡದಿಂದ ನನ್ನ ಹೆಸರು ಹೊಡೆದು ಹಾಕಿದರು. ವರ್ಷವಿಡೀ ಬೋರ್ಡಿನ ಹತ್ತಿರ ಬಿಡಲಿಲ್ಲ. ಅಪ್ಪನನ್ನು ಕರೆಸಿ ‘ಇವಳ ತಲೆಗೆ ಗಣಿತ ಹತ್ತಲ್ಲ, ಸುಮ್ನೆ ಯಾಕೆ ಓದಿಸ್ತೀರಿ’ ಎಂದರು. ಅಪ್ಪ ನಂಬಿದರು, ನನಗೆ ಕೊನೆಯವರೆಗೂ ಲೆಕ್ಕದ ಒಂದು ಪುಸ್ತಕ ಕೊಡಿಸಲಿಲ್ಲ. ನನ್ನ ಜಾಗಕ್ಕೆ ನಿನ್ನನ್ನು ಹಾಕಿದಾಗ ನೀನು ಅತ್ತೆ, ನಾನೇ ನಿನ್ನ ಕಣ್ಣೊರೆಸಿ ಕಳಿಸಿದೆ.

ಮೂವತ್ತೈದು ವರ್ಷವಾಯಿತು. ಹಟಕ್ಕೆ ಬಿದ್ದು ಗಣಿತವನ್ನೇ ಓದಿದೆ, ಗಣಿತದ ಟೀಚರೇ ಆದೆ. ಮರೆತಿದ್ದೇನೆ ಎಂದುಕೊಂಡಿದ್ದೆ. ಆದರೆ ಜನವರಿಯ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಕೂತಾಗ ಮಾದರಿ ಉತ್ತರದ ಹಾಳೆಯ ಆರನೇ ಪ್ರಶ್ನೆ ಏನಿತ್ತು ಹೇಳು. −3² + 10. ಎದುರಿಗೆ ಅವರ ಓರೆ ಕೈಬರಹದಲ್ಲಿ 19. ಅದೇ ಲೆಕ್ಕ, ಅದೇ ತಪ್ಪು, ಎಷ್ಟು ಸಾವಿರ ಮಕ್ಕಳಿಗೆ ಹಂಚಿದ್ದಾರೋ. ನನ್ನ ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ 1 ಎಂದು ಬರೆದಿದ್ದಳು. ಅದು ತಪ್ಪೆಂದು ನಾನು ಕೆಂಪು ಗೆರೆ ಎಳೆಯಬೇಕಂತೆ. ಎಳೆಯಲಿಲ್ಲ. ಸ್ಟಾಫ್ ರೂಮಿನ ಕಿಟಕಿಯ ಬಳಿ ಆ ಹಾಳೆ ಹಿಡಿದುಕೊಂಡು ಅದೊಂದೇ ಸಾಲನ್ನು ಮತ್ತೆ ಮತ್ತೆ ಓದಿದೆ. ಸಂಕಟದಿಂದಲ್ಲ, ನಿನಗೆ ಸುಳ್ಳು ಯಾಕೆ ಹೇಳಲಿ, ಸಂತೋಷದಿಂದ.

ಮನೆಗೆ ಬಂದು ಹೇಳಿದರೆ ನಮ್ಮವರು, ‘ಅವರ ರೂಮಿಗೆ ಹೋಗಿ ಮೆತ್ತಗೆ ಹೇಳು, ತಿದ್ಕೊಳ್ತಾರೆ. ವಯಸ್ಸಾದ ಮನುಷ್ಯ’ ಎಂದರು.

‘ಅವರು ನನಗೆ ರೂಮಿನಲ್ಲಿ ಹೇಳಿದ್ರಾ? ಕ್ಲಾಸ್ ಮುಂದೆ ಹೇಳಿದ್ರು’ ಎಂದೆ.

‘ಅಷ್ಟು ವರ್ಷದ್ದು ಈಗ ಯಾಕೆ, ಬಿಟ್ಟಾಕು’ ಎಂದರು. ಬಿಡುವ ಮಾತೇ ಇರಲಿಲ್ಲ. ಮಕ್ಕಳ ಎದುರಿಗೆ, ಬೋರ್ಡಿನ ಎದುರಿಗೆ, ಅವರ ಬಾಯಿಂದಲೇ ‘ತಪ್ಪಾಯ್ತು’ ಎಂದು ಬರಬೇಕು. ಅದೊಂದೇ ನನಗೆ ಬೇಕಿದ್ದುದು. ಫೆಬ್ರವರಿಯಲ್ಲಿ ಅವರು ಪ್ರತಿ ಟೀಚರ ಪಾಠ ನೋಡಲು ಬರುತ್ತಾರೆಂದು ಹೆಡ್ ಮೇಡಂ ನೋಟಿಸು ಹಾಕಿದರು. ನನ್ನ ಸರದಿಗೆ ಇಪ್ಪತ್ತು ದಿನವಿತ್ತು. ಉತ್ತರಪತ್ರಿಕೆಗಳನ್ನು ಅಲ್ಲಿಯವರೆಗೆ ತಿರುಗಿ ಕೊಡದೆ ಬೀರುವಿನಲ್ಲಿ ಬೀಗ ಹಾಕಿಟ್ಟೆ.

ಆ ಇಪ್ಪತ್ತು ದಿನ ನಾನು ಹೇಳಿದಂಥ ಪಾಠವನ್ನು ಇಷ್ಟು ವರ್ಷದಲ್ಲಿ ಎಂದೂ ಹೇಳಿರಲಿಲ್ಲ, ಚೂಟಿ. ಹಗೆಗೆ ಎಂಥ ಶಕ್ತಿ ಇದೆ ನೋಡು. ಪರೀಕ್ಷೆ ಮುಗಿದ ಪಾಠವನ್ನೇ ಬುಡದಿಂದ ಶುರು ಮಾಡಿದೆ. 2³ ಎಂದರೆ ಎಷ್ಟು ಎಂದರೆ ಅರ್ಧ ಕ್ಲಾಸು ‘ಎರಡು ಮೂರ್ಲಿ ಆರು’ ಎಂದು ಮಗ್ಗಿ ಒಪ್ಪಿಸಿತು. ಮೂವರನ್ನು ಎದ್ದು ನಿಲ್ಲಿಸಿ, ಒಬ್ಬೊಬ್ಬರ ಕೈಗೂ 2 ಎಂದು ಬರೆದ ಹಾಳೆ ಕೊಟ್ಟು, ಪಕ್ಕದವರ ಜೊತೆ ಗುಣಿಸಿಕೊಳ್ಳುತ್ತ ಹೋಗಿ ಎಂದೆ. ಎರಡು, ನಾಲ್ಕು, ಎಂಟು. ಮೇಲೆ ಕೂತ ಪುಟ್ಟ ಅಂಕಿ ಗುಣಿಸಲು ಬಂದದ್ದಲ್ಲ, ಎಷ್ಟು ಜನ ನಿಲ್ಲಬೇಕೆಂದು ಹೇಳಲು ಬಂದದ್ದು ಎಂದು ಅವರೇ ಕಂಡುಕೊಂಡರು. ಆಮೇಲೆ ಕ್ರಮ. ಮೊದಲು ಆವರಣ, ಆಮೇಲೆ ಘಾತ, ಆಮೇಲೆ ಭಾಗಾಕಾರ ಗುಣಾಕಾರ, ಕೊನೆಗೆ ಕೂಡುವುದು ಕಳೆಯುವುದು. ಭಾಗಾಕಾರ ಗುಣಾಕಾರ ಅವಳಿ ಮಕ್ಕಳು, ಎಡಗಡೆಯಿಂದ ಯಾರು ಮೊದಲು ಸಿಕ್ಕರೋ ಅವರದು ಮೊದಲು ಎಂದೆ.

1 ಎಂದು ಬರೆದಿದ್ದ ಆ ಹುಡುಗಿ ಎದ್ದು ನಿಂತು, ‘ಮಿಸ್, ಆವರಣದ ಆ ತಗೊಂಡು ಘಾತಕ್ಕೆ ಸೇರಿಸಿದ್ರೆ ಆಘಾತ ಆಗುತ್ತೆ’ ಎಂದಳು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅದೇ ನಮ್ಮ ಸೂತ್ರ. ‘ಮೊದಲು ಏನು?’ ಎಂದರೆ ನಲವತ್ತು ಗಂಟಲು ‘ಆಘಾತ’ ಎನ್ನುತ್ತವೆ. ಪಕ್ಕದ ಕ್ಲಾಸಿನ ಸಮಾಜ ವಿಜ್ಞಾನದ ಟೀಚರ್ ಗಾಬರಿಯಾಗಿ ಬಾಗಿಲಿಗೆ ಬಂದಿದ್ದರು. ಇನ್ನೊಂದನ್ನೂ ಕಲಿಸಿದೆ, ಅದು ಮಾತ್ರ ಪಠ್ಯದಲ್ಲಿಲ್ಲ. ಯಾರು ಉತ್ತರ ಹೇಳಿದರೂ, ಎಷ್ಟೇ ದೊಡ್ಡವರಾಗಿದ್ದರೂ, ‘ಯಾಕೆ’ ಎಂದು ಕೇಳಬೇಕು.

ಆ ದಿನ ಬಂತು. ಡಸ್ಟರ್ ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಕೂತರು, ಪಕ್ಕದಲ್ಲಿ ಹೆಡ್ ಮೇಡಂ. ಅರ್ಧ ಗಂಟೆ ಪಾಠ ಮಾಡಿದೆ. ಅವರು ತಲೆಯಾಡಿಸುತ್ತಿದ್ದರು, ನಡುವೆ ‘ಭೇಷ್’ ಎಂದೂ ಅಂದರು. ಆಗ ನಾನು, ‘ಇಂಥ ಹಿರಿಯರು ಕ್ಲಾಸಿಗೆ ಬಂದಿದ್ದಾರೆ, ಮಕ್ಕಳಿಗಾಗಿ ಸಾರ್ ಒಂದು ಲೆಕ್ಕ ಮಾಡಿ ತೋರಿಸ್ಲಿ’ ಎಂದೆ. ಮುಖ ಅರಳಿಸಿಕೊಂಡು ಎದ್ದು ಬಂದರು. ಸೀಮೆಸುಣ್ಣ ನಾನೇ ಕೈಗೆ ಕೊಟ್ಟೆ.

ಮೊದಲು 10 − 3² ಎಂದು ಬರೆದೆ. ಅವರು ನಗುತ್ತ, ‘ಹತ್ತರಲ್ಲಿ ಒಂಬತ್ತು ಹೋದ್ರೆ ಒಂದು’ ಎಂದು ಬರೆದರು.

‘ಸಾರ್, ಪದಗಳನ್ನ ಹಿಂದೆ ಮುಂದೆ ಮಾಡಿದ್ರೆ ಬೆಲೆ ಬದಲಾಗುತ್ತಾ?’

‘ಇಲ್ಲ. ಗುರುತು ಅದರದರ ಜೊತೆಗೇ ಹೋಗ್ಬೇಕು, ಅಷ್ಟೇ’ ಎಂದು ಮಕ್ಕಳ ಕಡೆ ತಿರುಗಿ ಬೆರಳು ಎತ್ತಿ ಹೇಳಿದರು.

‘ಹಾಗಾದ್ರೆ ಸಾರ್, ಆ ಮೈನಸ್ ಮೂರರ ವರ್ಗವನ್ನ ಈ ಕಡೆ ತರ್ತೀನಿ’ ಎಂದು ಅದರ ಕೆಳಗೇ −3² + 10 ಎಂದು ಬರೆದೆ. ‘ಇದೆಷ್ಟು?’

ಕೈ ತಾನಾಗಿ ಓಡಿತು. 19. ಬರೆದು ಮುಗಿಸಿದ ಮೇಲೆ ಮೇಲಿನ ಸಾಲಿನ 1 ಕಣ್ಣಿಗೆ ಬಿತ್ತು.

ಯಾರೂ ನಗಲಿಲ್ಲ, ನಾನು ನಗಬಾರದೆಂದು ಮೊದಲೇ ತಾಕೀತು ಮಾಡಿದ್ದೆ. ಆ ಹುಡುಗಿ ಮಾತ್ರ ಎದ್ದು, ‘ಯಾಕೆ ಸಾರ್?’ ಎಂದಳು. ಇನ್ನೊಬ್ಬ, ‘ಸಾರ್, ಮೊದಲು ಆಘಾತ’ ಎಂದು ನೆನಪು ಮಾಡಿಕೊಟ್ಟ, ಪಾಪ ಸಹಾಯ ಮಾಡಲೆಂದೇ. ಮೇಷ್ಟ್ರ ಕಿವಿ ಕೆಂಪಾಯಿತು. ಹೆಡ್ ಮೇಡಂ ನನಗೆ ಕಣ್ಣಲ್ಲೇ ಸಾಕು ಎಂದರು. ನಾನು ಆ ಕಡೆ ನೋಡಲಿಲ್ಲ.

‘ತಪ್ಪಾಯ್ತು’ ಎಂದರು. ಮೆತ್ತಗೆ.

‘ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ ಸಾರ್.’

‘ತಪ್ಪಾಯ್ತು ಮಕ್ಕಳೇ.’

‘ಯಾಕೆ ತಪ್ಪು ಅಂತಾನೂ ಹೇಳ್ಬಿಡಿ ಸಾರ್, ಮಕ್ಕಳು ಬರ್ಕೊಳ್ತಾರೆ.’

ಅವರು ಬೋರ್ಡಿನ ಕಡೆ ತಿರುಗಿ ಒಂದು ನಿಮಿಷ ನಿಂತರು. ಆಮೇಲೆ, ‘ಆ ಎರಡು ಮೂರಕ್ಕೆ ಮಾತ್ರ ಸೇರಿದ್ದು. ಮೈನಸ್ಸು ಹೊರಗಿದೆ. ಆವರಣ ಹಾಕಿದ್ರೆ ಮಾತ್ರ ಒಳಗೆ ಬರೋದು’ ಎಂದರು. ಹನ್ನೆರಡು ವರ್ಷದ ನಾನು ಹೇಳಿದ್ದ ಮಾತು, ಹೆಚ್ಚೂಕಮ್ಮಿ ಹಾಗೆಯೇ. ನಲವತ್ತು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ‘ಗುಡ್. ಹೋಗಿ ಕೂತ್ಕೊಳ್ಳಿ’ ಎಂದೆ, ದಡ್ಡ ಹುಡುಗನಿಗೆ ಹೇಳುವ ದನಿಯಲ್ಲಿ. ಅವರು ಹೋಗಿ ಕೂತರು.

ಮಾರನೆಯ ದಿನ ಮಾದರಿ ಉತ್ತರದಲ್ಲಿ 19 ಹೊಡೆದು 1 ಎಂದು ತಿದ್ದಿ ಸಹಿ ಹಾಕಿಸಿಕೊಂಡೆ. ಆ ಹುಡುಗಿಗೆ ಸಲ್ಲಬೇಕಾದ ಅಂಕ ಸಂದಿತು, ಸ್ಪರ್ಧೆಯ ತಂಡಕ್ಕೂ ಆರಿಸಿದ್ದಾರೆ. ಹೆಡ್ ಮೇಡಂ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಬಿಡಲಿ. ‘ಅಯ್ಯೋ ಅನ್ನಿಸ್ಲಿಲ್ವಾ ನಿಂಗೆ?’ ಎಂದು ನಮ್ಮವರು ಕೇಳಿದರು. ಇಲ್ಲ. ಹೊಟ್ಟೆ ತಣ್ಣಗಾಯಿತು. ಅವರು ಸೀಮೆಸುಣ್ಣ ಹಿಡಿದು ನಿಂತ ಆ ಒಂದು ನಿಮಿಷವನ್ನು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಸ್ನಾನದ ಮನೆಯಲ್ಲಿ ನೆನೆಸಿಕೊಂಡು ಖುಷಿಪಟ್ಟಿದ್ದೇನೆ. ಪಾಠ ಮುಗಿದ ಮೇಲೆ ಅವರು ಕಾರಿಡಾರಿನಲ್ಲಿ ಕಾದಿದ್ದು ನನ್ನ ಜೊತೆ ಐದು ನಿಮಿಷ ಮಾತಾಡಿದರು. ಅದಿರಲಿ.

ಮಗಳನ್ನು ರಜೆಗೆ ನಮ್ಮಲ್ಲಿ ಬಿಡಲೇ, ಗಣಿತದಲ್ಲಿ ಹಿಂದಿದ್ದಾಳೆ ಎಂದು ಕೇಳಿದ್ದೀಯ. ಖಂಡಿತ ಬಿಡು. ಇಲ್ಲಿ ಅವಳಿಗೊಂದು ಕೋಣೆ, ಮೇಜು ಎಲ್ಲ ಇದೆ. ಜಾಣೆಯಾಗಲಿ, ನೂರು ವರ್ಷ ಬಾಳಲಿ, ಯಾರ ಮುಂದೆಯೂ ತಲೆ ತಗ್ಗಿಸದಂತೆ ಬೆಳೆಯಲಿ ಎಂದು ಈ ದೊಡ್ಡಮ್ಮ ಹರಸಿದ್ದಾಳೆಂದು ಹೇಳು. ನಿನ್ನ ಅತ್ತೆಯವರಿಗೆ ನಮಸ್ಕಾರ, ನಿನ್ನ ಯಜಮಾನರನ್ನು ಕೇಳಿದೆನೆಂದು ತಿಳಿಸು.

ನಿನ್ನ,
ಮೈನಸ್

ತಾ.ಕ.: ‘ಅದಿರಲಿ’ ಎಂದು ಬರೆದೆ, ಇರಗೊಡಲು ಆಗುತ್ತಿಲ್ಲ. ಮೂರು ಸಲ ಪೆನ್ನು ಮುಚ್ಚಿಟ್ಟಿದ್ದು ಇದಕ್ಕೇ. ಕಾರಿಡಾರಿನಲ್ಲಿ ಮೇಷ್ಟ್ರು, ‘ನೀನು ಮೈನಸ್ ಅಲ್ವೇನಮ್ಮಾ?’ ಎಂದರು. ಹೌದೆಂದೆ. ‘ಅವತ್ತು ಸಂಜೆ ಮನೆಗೆ ಹೋದ್ಮೇಲೆ ನಂಗೂ ಅನುಮಾನ ಬಂದಿತ್ತು. ಬೆಳಿಗ್ಗೆ ಹೈಸ್ಕೂಲಿನವರನ್ನ ಕೇಳಿ, ನಿನ್ನನ್ನ ಕರೆದು ಇನ್ನೊಂದ್ಸಲ ಬೋರ್ಡಲ್ಲಿ ಮಾಡಿಸೋಣ ಅಂತಿದ್ದೆ. ಅಷ್ಟರಲ್ಲಿ ಬೆಲ್ಲಿಗೆ ಮುಂಚೆ ಒಂದು ಹುಡುಗಿ ಸ್ಟಾಫ್ ರೂಮಿಗೆ ಬಂದು, ಡಸ್ಟರ್ ಮೇಷ್ಟ್ರ ತಲೇಲಿರೋದು ಬರೀ ಸೀಮೆಸುಣ್ಣದ ಪುಡಿ ಅಂತ ನೀನು ಆಡ್ಕೊಳ್ತಿದ್ದೀಯ ಅಂದ್ಳು. ಮೈಯೆಲ್ಲ ಉರೀತು. ಆಮೇಲೆ ಯಾರನ್ನೂ ಕೇಳ್ಲಿಲ್ಲ. ನನ್ನ ಪಾಲಿಗೆ ಅದು ಹತ್ತೊಂಬತ್ತೇ ಆಗೋಯ್ತು’ ಎಂದರು. ಹುಡುಗಿ ಯಾರೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆ ಮಾತನ್ನು ನಾನು ಆಡಿದ್ದು ಒಂದೇ ಸಲ, ಸ್ಕೂಲಿನಿಂದ ಮನೆಗೆ ಹೋಗುವ ದಾರಿಯಲ್ಲಿ, ಅಳುತ್ತ, ನಿನ್ನೊಬ್ಬಳ ಹತ್ತಿರ. ಮಗಳನ್ನು ಒಬ್ಬಳನ್ನೇ ಬಸ್ಸು ಹತ್ತಿಸಿ ಕಳಿಸಬೇಡ. ನೀನೇ ಕರೆದುಕೊಂಡು ಬಾ. ಅವಳ ಎದುರಿಗೇ ಕೇಳುತ್ತೇನೆ.