ಗಾಲಿಗೆ ಕಟ್ಟಿದ ಕವಡೆ

ದಾಂಡೇಲಿ
ತಾ. ೨೬-೧೦-೧೯೬೧, ಗುರುವಾರ

ಪ್ರೀತಿಯ ಅವ್ವನ ಪಾದಗಳಿಗೆ ದ್ಯಾಮಪ್ಪನ ನಮಸ್ಕಾರ.

ನಿನ್ನ ಮೊಣಕಾಲು ನೋವು ಹೇಗಿದೆ? ಮುಂಡಗೋಡದ ನೀರು ಒಗ್ಗಿತೇ? ಕಾಶೆವ್ವಕ್ಕ ಹೆತ್ತು ಹನ್ನೆರಡು ದಿನವಾಯಿತು, ಕೂಸನ್ನು ತೊಟ್ಟಿಲಿಗೆ ಹಾಕಿರಬೇಕು. ಯಾರ ಹೆಸರಿಟ್ಟಿರಿ, ಬರೆಸು. ಈ ಪತ್ರ ಓದಿ ಹೇಳುವವಳು ಅಕ್ಕನೇ ಎಂದು ಗೊತ್ತು. ಅಕ್ಕಾ, ನಡುವೆ ನಗಬೇಡ, ಬಾಣಂತಿ ಹೊಟ್ಟೆ ಹಿಡಿದು ನಗಬಾರದು.

ಇಲ್ಲಿಯ ಸುದ್ದಿಯನ್ನು ಯಾವ ತುದಿಯಿಂದ ಹಿಡಿಯಲಿ, ತಿಳಿಯುತ್ತಿಲ್ಲ. ನಮ್ಮ ಕಟ್ಟಿಗೆ ಕಂಪನಿಯ ಸಣ್ಣ ವಿಮಾನ ನಿನಗೆ ಗೊತ್ತಲ್ಲ, ನಾಲ್ಕು ಜನ ಕೂಡುವಂಥದು, ನಾನು ಕಾವಲಿರುವ ಬಯಲಿನಲ್ಲಿ ಇಳಿಯುವುದು. ಅದು ಮೇಲೆ ಹೋದಮೇಲೆ ಹದ್ದು ಕಾಲು ಮಡಚಿದ ಹಾಗೆ ಗಾಲಿಗಳನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ, ಇಳಿಯುವ ಮೊದಲು ಹೊರಗೆ ಬಿಡುತ್ತದೆ. ಇದನ್ನು ಹೇಳಿದಾಗ ನೀನು ನಂಬಿರಲಿಲ್ಲ. ‘ಗಾಲಿ ಮಡಚೂ ಚಕ್ಕಡಿ ಎಲ್ಲೆರ ಐತೇನೋ, ಯಾರ ಮುಂದ ಹೇಳ್ತಿ?’ ಎಂದು ನಕ್ಕವಳು ನೀನು. ಆದರೂ ಮುಂಡಗೋಡಕ್ಕೆ ಹೊರಟ ದಿನ ಕರಿ ಉಣ್ಣೆದಾರಕ್ಕೆ ಕವಡೆ ಪೋಣಿಸಿ ನನ್ನ ಕೈಗಿಟ್ಟೆ. ‘ತೇರಗಾಂವದಾಗ ನಮ್ಮ ಚಕ್ಕಡಿಗೆ ವರ್ಷಾ ಕಟ್ಟತಿದ್ದಿವಿ. ಈಗ ನಿನಗ ಅನ್ನ ಹಾಕೂದು ಆ ಗಾಲಿ. ಅದಕ್ಕ ಕಟ್ಟು, ತಾನಾಗಿ ಹರದು ಬೀಳೂತನಕ ಬಿಚ್ಚಬ್ಯಾಡ’ ಅಂದೆ.

ದಸರೆಯ ಖಂಡೇಪೂಜೆಯ ದಿನ ಸಾಹೇಬರು, ಅಂದರೆ ವಿಮಾನ ಹಾರಿಸುವವರು, ಅದರ ಮೂಗಿಗೆ ಕುಂಕುಮ ಹಚ್ಚಲು, ಚೆಂಡುಹೂವಿನ ಮಾಲೆ ಹಾಕಲು ಒಪ್ಪಿದರು. ಕಾಯಿ ಒಡೆಯುವಾಗ ಮೆಕ್ಯಾನಿಕ್ ಮನ್ಸೂರನೇ ತಟ್ಟೆ ಹಿಡಿದಿದ್ದ. ಪೂಜೆ ಮುಗಿದ ಮೇಲೆ ಸಾಹೇಬರು ‘ಎಲ್ಲಾ ತೆಗಿ, ಒಂದು ಎಸಳೂ ಉಳೀಬಾರದು’ ಅಂದರು. ಎಲ್ಲಾ ತೆಗೆದೆ. ಬಲಗಾಲಿಯ ಒಳಮಗ್ಗುಲಿಗೆ ಕಟ್ಟಿದ್ದ ನಿನ್ನ ದಾರವನ್ನು ಮಾತ್ರ ಮುಟ್ಟಲಿಲ್ಲ. ಅದು ಅಲಂಕಾರವಲ್ಲ, ದೃಷ್ಟಿಗೆ ಕಟ್ಟಿದ್ದು ಎಂದುಕೊಂಡೆ.

ಶನಿವಾರ ಸಾಹೇಬರು ಒಬ್ಬರೇ ಬೆಳಗಾವಿಗೆ ಹೋಗಿ ಮಧ್ಯಾಹ್ನ ತಿರುಗಿ ಬಂದರು. ನಾನು ದನ ಹೊಡೆದು ಬಯಲು ತೆರವು ಮಾಡಿ ನಿಂತಿದ್ದೆ. ವಿಮಾನ ಬಂತು, ಇಳಿಯಲಿಲ್ಲ. ಕೋಗಿಲಬನದ ಕಡೆ ಹೊರಳಿ, ಹೊಳೆಯ ಮೇಲೆ ಸುತ್ತು ಹಾಕಿ ಮತ್ತೆ ಬಂತು. ಸಾಹೇಬರು ಇವತ್ತು ಖುಷಿಯಲ್ಲಿದ್ದಾರೆ ಅಂದುಕೊಂಡು ನಾನು ಕೈ ಬೀಸಿದೆ. ಮನ್ಸೂರ ಶೆಡ್ಡಿನಿಂದ ಓಡಿ ಬಂದು ‘ಏ ದ್ಯಾಮ್ಯಾ, ಕೈ ಏನ ಬೀಸ್ತಿಲೇ, ಬಲಗಾಲಿ ಹೊರಗ ಬಂದಿಲ್ಲ!’ ಎಂದು ಕೂಗಿದ. ಒಳಗೆ ಕೈಯಿಂದ ತಿರುವಿ ಗಾಲಿ ಇಳಿಸುವ ಹಿಡಿಕೆಯೊಂದು ಇದೆಯಂತೆ. ಅದನ್ನು ತಿರುವುತ್ತಾ ಸಾಹೇಬರು ಒಂಬತ್ತು ಸುತ್ತು ಹಾಕಿದರು. ಒಂದೊಂದು ಸುತ್ತನ್ನೂ ನಾನು ಬೆರಳು ಮಡಚಿ ಎಣಿಸಿದೆ, ದಾರ ಯಾವ ಗಾಲಿಗಿದೆ ಎಂದು ನನಗೊಬ್ಬನಿಗೇ ಗೊತ್ತಿತ್ತಲ್ಲ. ಕೊನೆಗೆ ಹೊರಗೆ ಬಂದಿದ್ದ ಮೂಗಿನ ಗಾಲಿ, ಎಡಗಾಲಿ ಎರಡರ ಮೇಲೆಯೇ ಇಳಿಸಿದರು. ಸ್ವಲ್ಪ ದೂರ ನೆಟ್ಟಗೆ ಓಡಿತು, ಆಮೇಲೆ ಬಲಕ್ಕೆ ವಾಲಿ ರೆಕ್ಕೆ ನೆಲಕ್ಕೆ ಬಡಿಯಿತು, ಗರಕ್ಕನೆ ತಿರುಗಿ ಧೂಳಿನಲ್ಲಿ ಕೂತಿತು. ಸಾಹೇಬರು ಟೊಪ್ಪಿಗೆ ಜಾಡಿಸುತ್ತಾ ಇಳಿದು ಬಂದರು. ಮೈಮೇಲೆ ಒಂದು ಗೀರೂ ಇಲ್ಲ. ಈಗ ಹೇಳು ಅವ್ವಾ, ನಿನ್ನ ಕವಡೆ ಗಾಲಿಯನ್ನು ತಡೆಯಿತೋ, ಸಾಹೇಬರ ಜೀವ ಉಳಿಸಿತೋ?

ಮೊದಲು ವಿಮಾನದ ಕೆಳಗೆ ನುಗ್ಗಿದವನು ಮನ್ಸೂರ. ಸಂಜೆ ನನ್ನನ್ನು ಶೆಡ್ಡಿನ ಹಿಂದೆ ಕರೆದು ಮುಷ್ಟಿ ಬಿಚ್ಚಿ ತೋರಿಸಿದ. ದಾರ, ಅದರಲ್ಲಿ ಒಡೆದ ಕವಡೆ. ‘ಕೀಲಿನ ಸಂದ್ಯಾಗ ಸಿಕ್ಕಿತ್ತು. ಪಿನ್ನೂ ಮುರದೈತಿ. ಕವಡಿ ಸಿಕ್ಕು ಪಿನ್ನು ಮುರೀತೋ, ಪಿನ್ನು ಮುರದ ಮ್ಯಾಲೆ ಕವಡಿ ಸಿಕ್ತೋ, ಅಲ್ಲಾಗ ಗೊತ್ತು. ನೀ ಬಾಯಿ ಮುಚ್ಚಿಕೊಂಡಿರು’ ಅಂದ. ಮುಚ್ಚಿಕೊಂಡಿದ್ದೆ. ಸೋಮವಾರ ಸಾಹೇಬರು ಗಾಲಿಯನ್ನು ಸರಿಯಾಗಿ ನೋಡಲಿಲ್ಲವೆಂದು ಅವನನ್ನೇ ಕೆಲಸದಿಂದ ತೆಗೆದರು. ಆಗಲೂ ಅವನು ಕವಡೆಯ ಮಾತು ಎತ್ತಲಿಲ್ಲ. ಅವನ ಹೆಂಡತಿ ಜಾಹೀದಾ ದಾರಿಯಲ್ಲಿ ನಿಲ್ಲಿಸಿ ‘ಅಣ್ಣಾರ, ಒಂದ ನಟ್ಟು ನಾಲ್ಕು ಸಲ ತಿರುವಿ ನೋಡೂ ಮನಶ್ಯಾ ಇಂವಾ. ಹೆಂಗ ತಪ್ಪಿದ ಹೇಳ್ರಿ?’ ಎಂದು ನನ್ನನ್ನೇ ಕೇಳಬೇಕೇ!

ನಾನು ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವನದು ಹೋಗಿಯೇ ಆಗಿದೆ. ಕವಡೆಯದು ತಪ್ಪೇ ಇಲ್ಲ ಎಂದಾದರೆ ಇಬ್ಬರದೂ ಹೋಗಬಾರದು. ಮೂರು ದಿನದಿಂದ ರೊಟ್ಟಿ ಮುರಿಯುತ್ತೇನೆ, ಬಾಯಿಗೆ ಇಡುವುದು ಮರೆಯುತ್ತೇನೆ. ನೀನು ಇಲ್ಲಿದ್ದರೆ ಬೈದಾದರೂ ಒಂದು ದಾರಿ ತೋರಿಸುತ್ತಿದ್ದೆ. ಕಟ್ಟಿದವನು ನಾನು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಗೂಳಪ್ಪ ಮಾವನಿಗೆ ನಮಸ್ಕಾರ ತಿಳಿಸು. ಕೂಸಿನ ನೆತ್ತಿಗೆ ನನ್ನದೊಂದು ಕೈ ಎಣ್ಣೆ ಹಚ್ಚು.

ನಿನ್ನ ಮಗ
ದ್ಯಾಮಪ್ಪ

ತಾ.ಕ.: ಅವ್ವಾ, ಪತ್ರ ಅಂಚೆಗೆ ಹಾಕಲು ಹೊರಟವನು ಸಾಹೇಬರ ಬಾಗಿಲಿಗೆ ಹೋಗಿ ಎಲ್ಲಾ ಹೇಳಿಬಿಟ್ಟೆ. ಕವಡೆ ಪೇಟೆಯಲ್ಲಿ ಕೊಂಡೆ ಎಂದೆ, ಕಿತ್ತು ಮುಚ್ಚಿಟ್ಟವನೂ ನಾನೇ ಎಂದೆ. ಅವರು ‘ಐದು ದಿವಸ ಯಾಕ ಸುಮ್ನಿದ್ದಿ?’ ಎಂದು ಕೇಳಿದರು. ಆಮೇಲೆ ತೀರ್ಪು ಕೊಟ್ಟರು. ಬರುವ ಸೋಮವಾರದಿಂದ ಮನ್ಸೂರ ಕೆಲಸಕ್ಕೆ, ನಾನು ಮನೆಗೆ. ಅವನು ಖುಷಿಪಡುತ್ತಾನೆ ಅಂದುಕೊಂಡರೆ, ‘ನಾ ಎಲ್ಲೆರ ಲಾರಿ ರಿಪೇರಿ ಮಾಡಿ ಬದುಕತಿದ್ದೆ. ನಿನಗ ದನಾ ಹೊಡ್ಯೂದು ಬಿಟ್ರ ಏನ ಬರತೈತಲೇ?’ ಎಂದು ಬೈಯುತ್ತಿದ್ದಾನೆ. ಶನಿವಾರದ ಮೋಟಾರಿಗೆ ಅಲ್ಲಿಗೆ ಬರಬೇಕು, ಅರಿವೆ ತುಂಬೋಣವೆಂದರೆ ನನ್ನ ಟ್ರಂಕಿನ ಮೇಲೆ ಕೂತಿದ್ದಾನೆ, ಏಳಲೊಲ್ಲ.