ಲಾರಿ ಡ್ರೈವರನ ಅತ್ತೆ ಹೇಳಿದ ಸಾಕ್ಷಿ

ಮಾರ್ಚ್ ೧೪, ಶುಕ್ರವಾರ

ಲಾರಿ ಡ್ರೈವರನಿಗೆ ಭಾನುವಾರ ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡಬಹುದೋ ಬೇಡವೋ, ನಾಳೆ ಬೆಳಿಗ್ಗೆ ನಾನು ಪಾಸ್ಟರಿಗೆ ಹೇಳಬೇಕು. ನಮ್ಮ ಸಭೆಯ ಪದ್ಧತಿಯೇ ಹಾಗೆ: ನಿಜವಾದ ವಿಶ್ವಾಸಿಯೋ ಅಲ್ಲವೋ ಎಂದು ಅವನನ್ನೇ ಕೇಳುವುದಿಲ್ಲ, ಅವನ ಜೊತೆ ಒಂದೇ ಸೂರಿನಡಿ ಬಾಳುವವರನ್ನು ಕೇಳುತ್ತೇವೆ. ಇವನ ಮನೆಯಲ್ಲಿ ಸಿಕ್ಕವರು ಅತ್ತೆ. ಒಗೆದ ಬಟ್ಟೆ ಮಡಚುತ್ತಾ ಕೂತಿದ್ದರು.

"ಅಳಿಯಂದಿರ ಕೋಪ ಹೋಯ್ತಾ ಅಮ್ಮ?" ಅಂದೆ.

"ಎಲ್ಲಿಂದ ಹೋಗತ್ತೆ? ಹುಟ್ಟುಗುಣ ಸುಟ್ಟರೂ ಹೋಗಲ್ಲ. ನಿನ್ನೆ ಕೂಡ ಚಹಾ ಆರಿದೆ ಅಂತ ಗೋಡೆ ಬಿರಿಯೋ ಹಾಗೆ ಕೂಗಿದ."

ನನ್ನ ಮುಖ ಇಳಿಯಿತು.

"ಪೂರ್ತಿ ಕೇಳಪ್ಪ. ಮುಂಚೆ ಕೂಗಿದ ಮೇಲೆ ಬಾಗಿಲು ದಡಾರಂತ ಹಾಕ್ಕೊಂಡು ಹೋಗ್ತಿದ್ದ. ಈಗ ಬಾಗಿಲ ತನಕ ಹೋಗಿ ವಾಪಸ್ ಬರ್ತಾನೆ. 'ತಪ್ಪಾಯ್ತು ಅತ್ತೆ' ಅಂತಾನೆ. ಅದನ್ನೂ ಕೂಗಿಯೇ ಹೇಳ್ತಾನೆ, ಪಕ್ಕದ ಮನೆಗೂ ಕೇಳಿಸತ್ತೆ! ಮುಳುಗಿಸಿ, ಮುಳುಗಿಸಿ. ನೀರಲ್ಲಿ ಸ್ವಲ್ಪ ಹೆಚ್ಚು ಹೊತ್ತು ಹಿಡೀರಿ, ಅಷ್ಟೇ."

ದಾರಿಯುದ್ದಕ್ಕೂ ನಗುತ್ತಾ ಬಂದೆ. ಈಗ ನಗು ಬರುತ್ತಿಲ್ಲ. ಪ್ರಾರ್ಥನೆ, ಬೈಬಲ್ ವಾಕ್ಯ, ತಾಳ್ಮೆ ಎಂದು ವಿಶ್ವಾಸಿಯ ಗುರುತುಗಳನ್ನು ದೀಕ್ಷೆಗೆ ಸಿದ್ಧರಾಗುವವರಿಗೆ ಎಷ್ಟು ಸಲ ಬೋಧಿಸಿದ್ದೇನೆ! ಹೆಣ್ಣು ಕೊಟ್ಟ ಅತ್ತೆಯ ಮುಂದೆ ತಲೆ ತಗ್ಗಿಸುವುದನ್ನು ಒಂದು ಸಲವೂ ಸೇರಿಸಿರಲಿಲ್ಲ.

ಕೋಪ ಹೋಗಿಲ್ಲ, ಆದರೆ ಜಂಬ ಹೋಗಿದೆ, ಸ್ನಾನ ಕೊಡಿ ಎನ್ನುತ್ತೇನೆ. ಸಭೆಯ ಹಿರಿಯರು ಮೂಗು ಮುರಿದರೆ, ನಿಮ್ಮಲ್ಲಿ ಯಾರು ಅತ್ತೆಗೆ ತಪ್ಪಾಯಿತು ಎಂದಿದ್ದೀರಿ ಎಂದು ಕೇಳಿಬಿಡಬೇಕು. ಆದರೆ ಅವರು ಅದೇ ಪ್ರಶ್ನೆಯನ್ನು ಮೊದಲು ನನ್ನ ಕಡೆಗೇ ತಿರುಗಿಸಿದರೆ... ಇರಲಿ. ಕಣ್ಣು ಎಳೆಯುತ್ತಿದೆ.